ಒದ್ದೆ ಬೆರಳು

ಮಸ್ಕಿ,
ಮಂಗಳವಾರ, ೧೦-೧-೧೯೫೬

ನನ್ನ ಮುದ್ದಿನ ಶೇಖರಮ್ಮನಿಗೆ ನಿನ್ನವ್ವ ಅಂಬಮ್ಮ ಮಾಡುವ ಆಶೀರ್ವಾದ.

ಕ್ಷೇಮ ಸಮಾಚಾರದ ಸಾಲು ಬಿಟ್ಟಿದ್ದೇನೆ ಮಗಳೇ. ಅಳಿಯಂದಿರು ಮನೆಯಲ್ಲಿದ್ದರೆ ಈ ಕಾಗದ ಬಚ್ಚಿಡು. ಅವರು ಹೊರಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಓದು. ಹದಿನೆಂಟು ವರ್ಷ ರಂಗದ ಮೇಲೆ ನಿಂತು, ಸಾವಿರ ಮಂದಿಯ ಎದುರು “ಎಲೈ ಯಮನೇ, ನಿಲ್ಲು!” ಎಂದು ಗರ್ಜಿಸಿದ ಬಾಯಿ ಇದು. ಯಮನ ಪಾತ್ರದ ಪಕೀರಪ್ಪನಿಗೇ ಬೆವರು ಬರುತ್ತಿತ್ತು. ಇವತ್ತು ಆ ಬಾಯಿ ಒಣಗಿದೆ. ಗರ್ಜಿಸೋಣವೆಂದರೆ ಯಮ ಎದುರಿಗಿಲ್ಲ. ನೀವಿರುವ ಆಣೆಕಟ್ಟಿನ ಕರೆಂಟು ತಂತಿಯೊಳಗೆ ಕೂತಿದ್ದಾನೆ!

ನಿನ್ನೆ ಶಾಮೀದಸಾಬ ಬಂದಿದ್ದ. ಅಳಿಯಂದಿರ ಜೊತೆ ತಂತಿ ಎಳೆಯುವವನು, ತಾಯಿಯನ್ನು ನೋಡಲು ರಜೆಯ ಮೇಲೆ ಊರಿಗೆ ಬಂದವನು. ಚಹಾ ಕುಡಿಯುತ್ತಾ ನಗುನಗುತ್ತಲೇ ಹೇಳಿದ: “ಅಂಬಕ್ಕ, ನಿಮ್ಮ ಅಳಿಯಾ ಭಾರಿ ಮನಷ್ಯಾ ಬಿಡ್ರಿ. ತಂತ್ಯಾಗ ಕರೆಂಟ್ ಬಂದೈತೋ ಇಲ್ಲೋ ಅಂತ ಕೈಬಟ್ಟಿಗೆ ಎಂಜಲ ಹಚ್ಚಿಗೊಂಡು ಮುಟ್ಟಾಕ ಹೊಂಟಿದ್ದ. ರಟ್ಟಿ ಹಿಡದು ಜಗ್ಗೀನಿ. ‘ಬಿಡಲೇ, ಹತ್ತು ವರ್ಷ ಮುಟ್ಟೀನಿ ನಾ’ ಅಂತ ನನಗ ಬೈದ!”

ಅವನು ನಕ್ಕ. ನನ್ನ ಕೈಯ ಬಟ್ಟಲು ಜಾರಿ ಬಿತ್ತು.

ನೀನು ಸಿಂಧನೂರಿನಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಪರದೆಯ ಹಿಂದಿನ ಸಂಗತಿ ನಿನಗೆ ತಿಳಿಯದು. ನಮ್ಮ ನಾಟಕ ಕಂಪನಿಗೆ ಒಂದು ಎಣ್ಣೆ ಎಂಜಿನ್ನು, ಅದಕ್ಕೊಂದು ಹಳೆಯ ಡೈನಮೋ ಇತ್ತು. ಬುಡ್ಡೇಸಾಬ್ ಎಂಜಿನ್ನು ತಿರುವುತ್ತಿದ್ದ. ಆಗಿನ್ನೂ ಅಳಿಯನಾಗಿರದ ಜಂಬಣ್ಣ ದೀಪ ನೋಡಿಕೊಳ್ಳುತ್ತಿದ್ದರು. ಲಿಂಗಸುಗೂರಿನ ಕ್ಯಾಂಪಿನಲ್ಲಿ ಒಂದು ಸಂಜೆ ಬೆರಳನ್ನು ನಾಲಿಗೆಗೆ ಹಚ್ಚಿ, ತಂತಿ ಮುಟ್ಟಿ, “ಬಂದಾಳ್ರೀ ತಾಯಿ!” ಎಂದು ಕೂಗಿದರು. ಅವತ್ತು ತಂಬುವಿನ ತುಂಬ ಜನ! ನನ್ನ ಹಾಡಿಗೆ ಏಳು ಸಲ ಒನ್ಸ್ ಮೋರ್! ಮುಗಿಯಿತಲ್ಲ, ಮರುದಿನದಿಂದ ನಾನೇ ಹಟ ಹಿಡಿದೆ: “ಜಂಬಣ್ಣ ಬಟ್ಟು ಇಡೋತನಕ ನಾ ಬಣ್ಣ ಹಚ್ಚಂಗಿಲ್ಲ.” ಊದಿನಕಡ್ಡಿ, ಕಾಯಿ, ಆಮೇಲೆ ಆ ಬೆರಳು, ಅದಾದ ಮೇಲೆಯೇ ನಾಟಕದ ಗಂಟೆ. ಹತ್ತು ವರ್ಷ! ಆ ಬೆರಳಿಗೆ ಚಟ ಹಚ್ಚಿದವಳು ನಾನು ಮಗಳೇ, ನಾನು.

ಇದನ್ನೆಲ್ಲ ಹೇಳಿದಾಗ ಶಾಮೀದಸಾಬನ ನಗು ನಿಂತಿತು. ಡೈನಮೋದ ಕರೆಂಟು ಒಂದೇ ದಿಕ್ಕಿಗೆ ಹೋಗುವಂಥದ್ದಂತೆ. ನಮ್ಮದಕ್ಕೆ ಕಸುವೂ ಕಡಿಮೆ. ಚುರ್ ಎಂದು ಕಚ್ಚಿ ಬಿಡುತ್ತಿತ್ತು. ಜೋಗದ ನೀರಿನಲ್ಲಿ ಹುಟ್ಟಿ ನಿಮ್ಮಲ್ಲಿಗೆ ಬರುವುದು ಹಾಗಲ್ಲವಂತೆ. ರೆಪ್ಪೆ ಬಡಿಯುವಷ್ಟರಲ್ಲಿ ಎಷ್ಟೋ ಸಲ ಅತ್ತ ಇತ್ತ ದಿಕ್ಕು ಬದಲಿಸುತ್ತದಂತೆ. ಅಂಥದ್ದಾದ್ದರಿಂದಲೇ ಅದರ ಒತ್ತಡ ಏರಿಸಿ ನೂರು ಮೈಲಿಯಾಚೆಗೂ ಕಳಿಸಲು ಬರುತ್ತದಂತೆ. “ಹಿಡದ್ರ ಬಿಡಂಗಿಲ್ಲ ಅಂಬಕ್ಕ. ಮುಷ್ಟಿ ತಾನ ಬಿಗಿತೈತಿ. ಚೀರಾಕ ಸೈತ ಉಸಿರು ಬರಂಗಿಲ್ಲ,” ಎಂದು ಕೈ ಬಿಗಿದು ತೋರಿಸಿದ. ಆ ಮುಷ್ಟಿ ನನ್ನ ಕಣ್ಣೆದುರಿನಿಂದ ಸರಿಯುತ್ತಿಲ್ಲ. ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುವಾಗ ನನ್ನ ಕೈಯನ್ನೇ ನೋಡಿ ಬೆಚ್ಚಿದೆ.

ಇನ್ನೂ ಒಂದು ಪಾಪವಿದೆ. ಕಂಪನಿ ಮುಚ್ಚಿ ಅಳಿಯಂದಿರು ಈ ನೌಕರಿಗೆ ಹೊರಟಾಗ “ಎಲ್ಲ ಬಗೆಯ ಕರೆಂಟಿನ ಕೆಲಸದಲ್ಲಿ ಹತ್ತು ವರ್ಷ ಪಳಗಿದವ” ಎಂದು ಕಾಗದ ಬರೆದು, ಮಾಲೀಕರ ಸಹಿ ನಾನೇ ಹಾಕಿ, ಶಿಕ್ಕಾ ಒತ್ತಿ ಕೊಟ್ಟೆ. ಅದನ್ನು ನಂಬಿ ಅಲ್ಲಿಯವರು ಏನೂ ಕಲಿಸದೆ ನೇರ ತಂತಿಯ ಕೆಲಸಕ್ಕೆ ಬಿಟ್ಟಿದ್ದಾರೆ. ಇದು ಬಯಲಾದರೆ ನೌಕರಿ ಹೋಯಿತು, ಇರುವ ಖೋಲಿ ಹೋಯಿತು, ಆರು ತಿಂಗಳ ಬಸುರಿ ನೀನು ಬೀದಿಗೆ ಬಂದೆ. ಆದ್ದರಿಂದ ಇಂಜಿನಿಯರ ಸಾಹೇಬರ ಮುಂದೆ ತುಟಿ ಬಿಚ್ಚಬೇಡ. ಅಳಿಯಂದಿರ ಹತ್ತಿರ ಅಳು, ಜಗಳಾಡು, ಉಪವಾಸ ಬೀಳು. ಅವರ ಬಲಗೈ ನಿನ್ನ ಹೊಟ್ಟೆಯ ಮೇಲಿಡಿಸಿ ಗುರುಗುಂಟಾದ ಅಮರೇಶ್ವರನ ಆಣೆ ಹಾಕಿಸು. ಶನಿವಾರ ಸಂಕ್ರಮಣದ ದಿನ ಹೊಸ ಲೈನಿಗೆ ಕರೆಂಟು ಬಿಡುತ್ತಾರಂತೆ. ಅದರೊಳಗೆ ಆಗಬೇಕು. ಜೀವವೂ ಉಳಿಯಬೇಕು, ನೌಕರಿಯೂ ಉಳಿಯಬೇಕು.

ಅವಸರಕ್ಕೆ ಅಕ್ಷರ ಸೊಟ್ಟಗಾಗಿವೆ, ಕೂಡಿಸಿಕೊಂಡು ಓದು.

ನಿನ್ನ ಹಡೆದವ್ವ,
ಅಂಬಮ್ಮ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅದನ್ನು ಒಯ್ಯಲು, ಕೆಲಸಕ್ಕೆ ಮರಳಿ ಹೊರಟ ಶಾಮೀದಸಾಬ ಬಂದ. ಬರೆದದ್ದನ್ನು ಓದಿ ಹೇಳಿದೆ. “ಆಣಿ ಗೀಣಿ ನಡಿಯಂಗಿಲ್ಲ ಅಂಬಕ್ಕ. ಜಂಬಣ್ಣ ಮಂದಿ ಮುಂದ ಪಂತ ಕಟ್ಯಾನ. ಶನಿವಾರ ಸಾಹೇಬರ ಎದುರಿಗೇ ಬಟ್ಟು ಇಟ್ಟು ತೋರಸ್ತಾನಂತ,” ಎಂದ. ನಿನ್ನೆಯೇ ಯಾಕೆ ಬೊಗಳಲಿಲ್ಲವೋ ಎಂದರೆ, “ನಿಮ್ಮ ಮಾರಿ ನೋಡಿ ಬಾಯಿ ಬರಲಿಲ್ರಿ,” ಎಂದು ತಲೆ ತಗ್ಗಿಸಿದ. ಇನ್ನೊಂದು ಹಾಳೆ ಹರಿದು, ಇಂಜಿನಿಯರ ಸಾಹೇಬರಿಗೆ ನನ್ನ ಸುಳ್ಳನ್ನೆಲ್ಲ ಬರೆದು, ಹೆಸರು ಊರು ಹಾಕಿ ಅವನ ಕೈಗೆ ಕೊಟ್ಟಿದ್ದೇನೆ. ಅದನ್ನು ಮೊದಲು ಮುಟ್ಟಿಸಿ ಆಮೇಲೆ ನಿನ್ನ ಹತ್ತಿರ ಬರುತ್ತಾನೆ. ನೀನು ಇದನ್ನು ಓದುವ ಹೊತ್ತಿಗೆ ಅಳಿಯಂದಿರ ನೌಕರಿ ಇರುವುದಿಲ್ಲ. ಗಂಡ ಹೆಂಡತಿ ಎದುರುಬದುರು ಕೂತು ನನ್ನನ್ನು ಬೈಯಿರಿ. ಅಳಿಯಂದಿರ ದನಿಯೇ ಜೋರಾಗಿರಲಿ; ಬೈಯಲು ಅವರಿಗೆ ಉಸಿರಿದ್ದರೆ ನನಗೆ ಅಷ್ಟು ಸಾಕು.