ಎಡಗಡೆಯ ಗೂಟ

ಹೊಳೆಮ್ಮಾ,

ನೀನು ಬದುಕಿದ್ದಾಗ ಕೇಳುತ್ತಿದ್ದ ಶೆಡ್ಡು ಇವತ್ತು ಬಾಳೆತೋಟದಲ್ಲಿ ಎದ್ದು ನಿಂತಿತು. ಮರಿಯಮ್ಮನಹಳ್ಳಿಯಿಂದ ಹಳೇ ಲಾರಿಯ ಹಲಗೆ ತಂದು ನಾನೇ ಕಟ್ಟಿದೆ. ಬಡಿಗೇರನ ಉಪದೇಶ ನನಗೆ ಬೇಕಿರಲಿಲ್ಲ. ಬಾಗಿಲು ಸ್ವಲ್ಪ ಸೊಟ್ಟಗಿದೆ, ಆದರೂ ಮುಚ್ಚುತ್ತದೆ.

ಸೊಸೆ ಭವ್ಯ ಒಳಗೆ ಹೋದವಳೇ, "ಮಾವಾ, ಕುಡುಗೋಲಿನ ಗೂಟ ಎಡಕ್ಕ ಯಾಕ ಹೊಡದೀರಿ? ಕೈಗೆ ಸಿಗಂಗಿಲ್ಲ" ಎಂದಳು.

"ಸಿಗಲಿಲ್ಲಂದ್ರ ಬಿಡವಾ, ನಿನಗಂತ ಹೊಡದಿಲ್ಲ" ಎಂದೆ.

ಎಡಗೈಯಲ್ಲಿ ಕೊಯ್ಯಬೇಡ, ನೋಡಿದವರು ನಗುತ್ತಾರೆ ಎಂದು ನಾನು ಎಷ್ಟು ಬೈದರೂ ನೀನು ಕೇಳಿದವಳಲ್ಲ.

ಭವ್ಯ ಬಲಗಡೆ ಒಂದು ಮೊಳೆ ಹೊಡೆದು ತನ್ನ ಕುಡುಗೋಲು ಹಾಕಿದಳು. ನಿನ್ನದನ್ನು ನಾನು ಎಡಕ್ಕೆ ತೂಗುಹಾಕಿ ಬಂದೆ. ಮಸೆದಿಟ್ಟಿದ್ದೇನೆ.