ಅಕ್ಕಿ ಡಬ್ಬದ ಕಿತ್ತಳೆ

ಇಬ್ರಿ, ನವೆಂಬರ್ ೧೯೮೯

ವಾರಿಜಾಕ್ಷಿಯವರಿಗೆ ಭೋಜರಾಜನ ನಮಸ್ಕಾರ.

ನಾನು ಕೊಟ್ಟ ಕಿತ್ತಳೆ ಹಸಿರಾಗಿದೆಯೆಂದು ನೀವು ಅಕ್ಕಿ ಡಬ್ಬದಲ್ಲಿ ಹಣ್ಣಾಗಲು ಇಟ್ಟಿದ್ದೀರೆಂದು ನಮ್ಮಿಬ್ಬರ ಗೆಳೆಯ ವಿಕ್ಟರ್ ಹೇಳಿ ನಕ್ಕ. ದಯವಿಟ್ಟು ಇಂದೇ ತೆಗೆಯಿರಿ. ಅದು ಮಾವಲ್ಲ, ಮರದಿಂದ ಕಿತ್ತ ಮೇಲೆ ಹಣ್ಣಾಗುವುದಿಲ್ಲ, ಒಣಗುತ್ತದೆ ಅಷ್ಟೆ. ಬಣ್ಣ ಬರಿಸುವ ಮದ್ದು ಹಾಕದ್ದು, ಚಳಿ ಬೀಳುವ ತನಕ ಸಿಪ್ಪೆ ಹಸಿರೇ. "ಮೆಚ್ಯೂರಿಟಿ ಈಸ್ ಸಂಥಿಂಗ್ ಸಂಥಿಂಗ್, ನಾಟ್ ಕಲರ್" ಎಂದು ಕಾಲೇಜಿನ ಬಾಟನಿ ಮಾಸ್ಟ್ರು ಹೇಳುತ್ತಿದ್ದರು, ನಡುವಿನದು ಮರೆತಿದೆ. ಕೈಯಲ್ಲಿ ಹಿಡಿದು ನೋಡಿ, ಗಾತ್ರಕ್ಕಿಂತ ಭಾರವೆನಿಸಿದರೆ ಹಣ್ಣು.

ನಾನು ನಮ್ಮ ಮದುವೆಯ ಮಾತು ತೆಗೆದಾಗ ನೀವು, "ಅಪ್ಪಿಯಕ್ಕ ಹೋಗಿ ಎರಡು ವರ್ಷ ಆಯ್ತಷ್ಟೆ, ಇನ್ನೂ ಸ್ವಲ್ಪ ಸಮಯ ಹೋಗ್ಲಿ ಮಾರಾಯ್ರೆ" ಅಂದಿರಿ. ಹೆಂಡತಿ ಅಪ್ಪಿಯನ್ನು ನಾನು ಮರೆತಿಲ್ಲ, ಇನ್ನು ಹತ್ತು ವರ್ಷ ಹೋದರೂ ಮರೆಯುವವನಲ್ಲ. ಶುಕ್ರವಾರ ಅಲ್ ಹೈಲ್‌ಗೆ, ನಿಮ್ಮ ಮನೆಗೆ ಬರುತ್ತೇನೆ. ಬೇಡವಾದರೆ ಬೇಡ ಎನ್ನಿ, ಕಾಯಿರಿ ಎಂದು ಮಾತ್ರ ಹೇಳಬೇಡಿ.

ಇತಿ,
ಕೂತಲ್ಲಿ ಕೂರಲಾಗದ
ಭೋಜರಾಜ