ನನ್ನ ಕಣ್ಣ ಮೇಲೆ

ಅಲೆಕ್ಸಾಂಡ್ರಿಯಾ, ಭಾನುವಾರ

ರುಶ್ದಿ ಚಿಕ್ಕಪ್ಪನವರಿಗೆ,

ಸಮಾಜ ಸುಧಾರಿಸಬೇಕಾದರೆ ಕಾನೂನು ಮೊದಲೋ ಮನುಷ್ಯ ಮೊದಲೋ ಎಂದು ನೀವೂ ಅಪ್ಪನೂ ಆ ಚಹಾ ಅಂಗಡಿಯಲ್ಲಿ ವರ್ಷಗಟ್ಟಲೆ ವಾದಿಸಿದಿರಿ. "ಅನ್ಯಾಯ ಕಂಡಾಗ ಒಬ್ಬ ಎದ್ದು ನಿಂತ್ರೆ ಸಾಕು ಕಣೋ ಸಾಬಿರ್" ಎಂದು ಅಪ್ಪನಿಗೆ ಹೇಳುತ್ತಿದ್ದವರು ನೀವು. ಪೊಲೀಸರು ಸೊಪ್ಪು ಮಾರುವ ಮುದುಕಿಯ ಬುಟ್ಟಿ ಒದ್ದ ದಿನ ಎದ್ದು ನಿಂತವರು, ಕಾನೂನೇ ಮೊದಲು ಅನ್ನುತ್ತಿದ್ದ ಅಪ್ಪ. ನೀವು ಚಹಾ ಮುಗಿಸಿದಿರಿ.

ಪೊಲೀಸರ ಮೇಲೆ ಕೈ ಮಾಡಿದರೆಂದು ಅಪ್ಪನ ಮೇಲೆ ಕೇಸು ಹಾಕಿ ಜೈಲಿಗೆ ತಳ್ಳಿದ್ದಾರೆ. ಸಾಕ್ಷಿ ಹೇಳಿ ಎಂದು ಅಮ್ಮ ಬೇಡಿಕೊಂಡಾಗ, ಕೈಯನ್ನು ಕಣ್ಣಿಗೊತ್ತಿಕೊಂಡು "ನನ್ನ ಕಣ್ಣ ಮೇಲೆ ಅತ್ತಿಗೆ, ಬಂದೇ ಬರ್ತೀನಿ" ಅಂದಿರಿ. ಬರಲಿಲ್ಲ.

ಗುರುವಾರ ಮತ್ತೆ ವಿಚಾರಣೆಯಿದೆ. ಬರುವುದಾದರೆ ಬನ್ನಿ. ಆದರೆ ಅಮ್ಮನೆದುರು ಇನ್ನೊಮ್ಮೆ ಆ ಮಾತು ಆಡಬೇಡಿ. ಜೈಲಿನಲ್ಲಿ ಬಿದ್ದ ಏಟಿಗೆ ಅಪ್ಪನ ಎಡಗಣ್ಣು ಹೋಗಿದೆ.

ನಿಮ್ಮ ತೊಡೆಯ ಮೇಲೆ ಆಡಿ ಬೆಳೆದ
ಬದ್ರಿಯಾ